ಕಂಪ್ಯೂಟರ್ ಸ್ಕ್ರೀನ್ ಮೇಲಿನ ಮೇಜು ಇನ್ನೂ ಬೇಕಾ? ಅದರ ಜಾಗದಲ್ಲಿ ಏನಿರಬೇಕು?

ಕಿಟಕಿಗೂಡು:

ಎಲ್ಲರಿಗೂ ನಮಸ್ಕಾರ. ನಾನು ಸಾಫ್ಟ್‌ವೇರ್ ಸ್ಕ್ರೀನ್‌ಗಳ ವಿನ್ಯಾಸ ಮಾಡುವವನು. ತುಂಬಾ ದಿನದಿಂದ ಕಾಡುತ್ತಿರುವ ಒಂದು ವಿಷಯವನ್ನು ಇಲ್ಲಿ ಇಡುತ್ತಿದ್ದೇನೆ. ಸ್ವಲ್ಪ ಉದ್ದ ಇದೆ. ದಯವಿಟ್ಟು ಪೂರ್ತಿ ಓದಿ ಹೇಳಿ.

ಕಂಪ್ಯೂಟರ್ ಆನ್ ಮಾಡಿದರೆ ಎದುರಿಗೆ ಒಂದು ಮೇಜು. ಮೇಲೆ ಕಾಗದಗಳು, ಫೋಲ್ಡರ್‌ಗಳು, ಮೂಲೆಯಲ್ಲಿ ಕಸದ ಬುಟ್ಟಿ. 'ಡೆಸ್ಕ್‌ಟಾಪ್' ಎಂದು ಕರೆಯುವ ಈ ಚಿತ್ರ ರೂಪುಗೊಂಡದ್ದು ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ, 1970ರ ದಶಕದಲ್ಲಿ. ಆಫೀಸಿನಲ್ಲಿ ದಿನವಿಡೀ ಕಾಗದಪತ್ರ ನೋಡಿಕೊಳ್ಳುವ ಜನರಿಗೆ ಕಂಪ್ಯೂಟರ್ ಹೊಸದು ಅನ್ನಿಸಬಾರದು ಎಂಬುದು ಅಲ್ಲಿನವರ ಉದ್ದೇಶ. 1981ರಲ್ಲಿ ಜೆರಾಕ್ಸ್ ಸ್ಟಾರ್ ಹೆಸರಿನಲ್ಲಿ ಅದು ಮಾರಾಟಕ್ಕೆ ಬಂತು. ಡಾಕ್ಯುಮೆಂಟ್, ಫೋಲ್ಡರ್, ಡ್ರಾಯರ್, ಬಂದ ಪತ್ರದ ಬುಟ್ಟಿ, ಹೋಗುವ ಪತ್ರದ ಬುಟ್ಟಿ, ಎಲ್ಲಕ್ಕೂ ಒಂದೊಂದು ಐಕಾನ್.

ಸ್ಟಾರ್‌ನಲ್ಲಿ ನನಗೆ ಬಹಳ ಇಷ್ಟವಾಗುವ ಸಂಗತಿ ಬೇರೆಯೇ ಇದೆ. ಅಲ್ಲಿ ಯಾರೂ 'ಪ್ರೋಗ್ರಾಂ' ಶುರು ಮಾಡಬೇಕಿರಲಿಲ್ಲ. ಡಾಕ್ಯುಮೆಂಟ್ ತೆರೆದರೆ ಆಯಿತು, ಬೇಕಾದ ಉಪಕರಣ ತಾನಾಗಿ ಬರುತ್ತಿತ್ತು. 1983ರ ಆ್ಯಪಲ್ ಲೀಸಾ ಕೂಡ ಹೀಗೇ. ಪ್ಯಾಡ್‌ನಿಂದ ಹಾಳೆ ಹರಿದುಕೊಂಡಂತೆ ಹೊಸ ಡಾಕ್ಯುಮೆಂಟ್ ತೆಗೆದುಕೊಂಡು ಬರೆಯುವುದು. ಮುಂದಿನ ವರ್ಷ ಮ್ಯಾಕಿಂಟಾಷ್ ಬಂತು. ಅದರ ಮೆಮೊರಿ 128 ಕಿಲೋಬೈಟ್. ಒಂದು ಸಲಕ್ಕೆ ಒಂದೇ ಮುಖ್ಯ ಪ್ರೋಗ್ರಾಂ ನಡೆಯುತ್ತಿತ್ತು. ಪ್ರೋಗ್ರಾಂ ಮುಂದೆ ಬಂತು, ಕಾಗದ ಅದರ ಹಿಂದೆ ನಿಂತಿತು. ಇವತ್ತಿಗೂ ನಾವು ಅದೇ ಸಾಲಿನಲ್ಲಿದ್ದೇವೆ.

ಒಂದು ವರದಿ ಬರೆಯುವ ಕೆಲಸ ತೆಗೆದುಕೊಳ್ಳಿ. ಟಿಪ್ಪಣಿ ಒಂದು ಆ್ಯಪ್‌ನಲ್ಲಿ. ಓದಬೇಕಾದ ಪುಟಗಳು ಬ್ರೌಸರ್‌ನ ಟ್ಯಾಬ್‌ಗಳಲ್ಲಿ. ಲೆಕ್ಕ ಸ್ಪ್ರೆಡ್‌ಶೀಟ್‌ನಲ್ಲಿ. ಜೊತೆಯವರು ಹೇಳಿದ್ದು ಅರ್ಧ ಮೇಲ್‌ನಲ್ಲಿ, ಅರ್ಧ ಚಾಟ್‌ನಲ್ಲಿ. ಇವೆಲ್ಲ ಒಂದೇ ಕೆಲಸಕ್ಕೆ ಸೇರಿದವು ಎಂದು ಗೊತ್ತಿರುವುದು ನಮಗೆ ಮಾತ್ರ. ಕಂಪ್ಯೂಟರ್ ಅವನ್ನು ಯಾವ ಸಾಫ್ಟ್‌ವೇರ್‌ಗೆ ಸೇರಿದ್ದು ಎಂದಷ್ಟೇ ನೋಡಿ ಬೇರೆ ಮಾಡಿ ಇಡುತ್ತದೆ. ಮಧ್ಯದಲ್ಲಿ ಇನ್ನೊಂದು ಕೆಲಸ ಬಂದರೆ ಎರಡೂ ಕಲಸಿಹೋಗುತ್ತವೆ. ಮರುದಿನ ಎಲ್ಲವನ್ನೂ ಮತ್ತೆ ಹುಡುಕಿ ಹರಡಿಕೊಳ್ಳಬೇಕು.

ನನ್ನ ಮಾತು ಇಷ್ಟು: ಸ್ಕ್ರೀನ್‌ನ ಮೂಲ ಘಟಕ ಆ್ಯಪ್ ಆಗಿರಬಾರದು, ಫೈಲ್ ಕೂಡ ಆಗಿರಬಾರದು. 'ಕೆಲಸ' ಆಗಿರಬೇಕು. ಕಂಪ್ಯೂಟರ್ ತೆರೆದರೆ ಮೊದಲು ನನ್ನ ಕೆಲಸಗಳು ಕಾಣಬೇಕು. ಒಂದನ್ನು ತೆರೆದರೆ ಅದರ ಪುಟಗಳು, ಟಿಪ್ಪಣಿ, ಮೇಲ್, ಲೆಕ್ಕ, ನಾನು ಬಿಟ್ಟಲ್ಲಿಂದಲೇ ಒಟ್ಟಿಗೆ ಬರಬೇಕು. ಮುಚ್ಚಿದರೆ ಒಟ್ಟಿಗೆ ಹೋಗಬೇಕು.

ಇದು ನನ್ನ ಹೊಸ ಕಲ್ಪನೆ ಏನಲ್ಲ. 1986ರಲ್ಲೇ ಜೆರಾಕ್ಸ್‌ನ ಅದೇ ಕೇಂದ್ರದ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ 'ರೂಮ್ಸ್' ಎಂಬ ವ್ಯವಸ್ಥೆ ಮಾಡಿದ್ದರು. ಒಂದೊಂದು ಕೆಲಸಕ್ಕೆ ಒಂದೊಂದು ಕೋಣೆ. ಒಂದೇ ವಿಂಡೋ ಎರಡು ಕೋಣೆಯಲ್ಲೂ ಇರಬಹುದಿತ್ತು. ಈಗಿನ ವರ್ಚುವಲ್ ಡೆಸ್ಕ್‌ಟಾಪ್‌ಗಳು (ಒಂದೇ ಸ್ಕ್ರೀನ್‌ನಲ್ಲಿ ಬದಲಿಸಿಕೊಂಡು ನೋಡುವ ಹಲವು ಮೇಜುಗಳು) ಅದೇ ಜಾಡಿನವು. ಆದರೆ ಅವು ಹೆಚ್ಚಾಗಿ ವಿಂಡೋಗಳನ್ನು ಬೇರೆ ಬೇರೆ ಇಡುತ್ತವೆ ಅಷ್ಟೇ, ಕೆಲಸವನ್ನು ನೆನಪಿಟ್ಟುಕೊಳ್ಳುವುದಿಲ್ಲ.

ನಿಮಗೇನು ಅನ್ನಿಸುತ್ತದೆ?

ಹಳೇಫೈಲು:

ಚೆನ್ನಾಗಿ ಬರೆದಿದ್ದೀರಿ. ಆದರೆ ನನಗೆ ಭಯ ಇದೆ, ಅದನ್ನು ನೇರವಾಗಿ ಹೇಳುತ್ತೇನೆ.

ಮೇಜನ್ನು ಬದಲಿಸಲು ಹೊರಟವರು ಕಡಿಮೆಯೇನಿಲ್ಲ. 1994ರಲ್ಲಿ ಕೈಯಲ್ಲಿ ಹಿಡಿಯುವ ಸಾಧನಗಳಿಗಾಗಿ ಜನರಲ್ ಮ್ಯಾಜಿಕ್ ಕಂಪನಿಯ ಮ್ಯಾಜಿಕ್ ಕ್ಯಾಪ್ ಬಂತು. ಮೇಜಿನಿಂದ ಎದ್ದು ಹಜಾರಕ್ಕೆ ಹೋಗಿ, ಅಲ್ಲಿಂದ ಪೇಟೆಯ ಬೀದಿಗೆ ಹೋಗಬೇಕು. 1995ರಲ್ಲಿ ಮೈಕ್ರೋಸಾಫ್ಟ್ ಬಾಬ್ ಬಂತು, ಮನೆಯ ಕೋಣೆಗಳ ಚಿತ್ರದ ಜೊತೆ. ಎರಡೂ ನಿಲ್ಲಲಿಲ್ಲ.

ನನ್ನ ನಿಜವಾದ ಚಿಂತೆ ಫೈಲ್‌ನದು. ಫೈಲ್ ನನ್ನ ಸ್ವತ್ತು. ಕಾಪಿ ಮಾಡಬಹುದು, ಬೇರೆ ಡಿಸ್ಕ್‌ಗೆ ಹಾಕಬಹುದು, ಬೇರೆ ಪ್ರೋಗ್ರಾಂನಲ್ಲಿ ತೆರೆಯಬಹುದು. 2007ರಲ್ಲಿ ಐಫೋನ್ ಬಂದಾಗ ಫೈಲ್ ಎಂಬುದನ್ನೇ ಬಚ್ಚಿಟ್ಟರು. ಸರಳವಾಯಿತು, ನಿಜ. ಆದರೆ ಪ್ರತಿಯೊಂದು ಆ್ಯಪ್ ತನ್ನ ಡೇಟಾದ ಮೇಲೆ ತಾನೇ ಕೂತಿತು. ಕೊನೆಗೆ 2017ರಲ್ಲಿ ಅವರೇ 'ಫೈಲ್ಸ್' ಎಂಬ ಆ್ಯಪ್ ಕೊಡಬೇಕಾಯಿತು.

ನಾನು ವರ್ಷಗಟ್ಟಲೆ ಟಿಪ್ಪಣಿ ಬರೆದಿಟ್ಟಿದ್ದ ಒಂದು ಆ್ಯಪ್ ನಿಂತುಹೋಯಿತು. ಹೊರಗೆ ತೆಗೆದುಕೊಳ್ಳಲು ಅವರು ಕೊಟ್ಟ ಫೈಲ್ ಬೇರೆ ಯಾವುದರಲ್ಲೂ ಸರಿಯಾಗಿ ತೆರೆಯಲಿಲ್ಲ. ಬರೆದದ್ದು ನಾನು, ಬೀಗದ ಕೈ ಮಾತ್ರ ಇನ್ನೊಬ್ಬರ ಹತ್ತಿರ. ಅದಕ್ಕೇ ಕೇಳುತ್ತಿದ್ದೇನೆ: ನಿಮ್ಮ 'ಕೆಲಸ' ಎಂಬುದರ ಒಳಗೆ ನನ್ನ ಫೈಲ್ ಎಲ್ಲಿರುತ್ತದೆ?

ಕಿಟಕಿಗೂಡು:

ಹಳೇಫೈಲು ಅವರೇ, ಈ ಪ್ರಶ್ನೆ ಬಹಳ ಮುಖ್ಯ. ಫೈಲ್ ಇರಲೇಬೇಕು, ನಿಮ್ಮದೇ ಆಗಿರಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ನಾನು ಹೇಳುವುದು ಅದರ ಮೇಲಿನ ಪದರದ ಬಗ್ಗೆ.

ಬಾಬ್ ಮತ್ತು ಮ್ಯಾಜಿಕ್ ಕ್ಯಾಪ್ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಅವರು ಮೇಜನ್ನು ಬಿಡಲಿಲ್ಲ, ಅದರ ಸುತ್ತ ಮನೆ, ಬೀದಿ ಎಲ್ಲ ಕಟ್ಟಿದರು. ನಿಜವಾದ ಕೋಣೆಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆಯಬೇಕು. ಕಂಪ್ಯೂಟರ್‌ನಲ್ಲಿ ನಡೆಯುವ ಅಗತ್ಯವೇ ಇಲ್ಲ. ಇಲ್ಲದ ಕಷ್ಟವನ್ನು ಚಿತ್ರಕ್ಕೋಸ್ಕರ ತಂದುಕೊಂಡರು. 1996ರಲ್ಲಿ ಡಾನ್ ಜೆಂಟ್ನರ್ ಮತ್ತು ಯಾಕೋಬ್ ನೀಲ್ಸನ್ 'ಆ್ಯಂಟಿ ಮ್ಯಾಕ್' ಎಂಬ ಲೇಖನ ಬರೆದರು. ಮ್ಯಾಕಿಂಟಾಷ್‌ನ ವಿನ್ಯಾಸ ಸೂತ್ರಗಳನ್ನು ಒಂದೊಂದಾಗಿ ತಿರುಗಿಸಿ ಹಾಕಿದರೆ ಏನು ಸಿಗುತ್ತದೆ ಎಂದು ನೋಡುವ ಪ್ರಯತ್ನ. ಅವರು ಮೊದಲು ಕೈಹಾಕಿದ್ದೇ ಮೇಜಿನಂಥ ರೂಪಕಕ್ಕೆ. ವಸ್ತುವಿನ ಹೋಲಿಕೆ ಕಲಿಯುವಾಗ ಕೈಹಿಡಿಯುತ್ತದೆ, ಆಮೇಲೆ ಅದರ ಮಿತಿಯೇ ನಮ್ಮ ಮಿತಿ ಆಗುತ್ತದೆ.

ಲ್ಯಾಬ್‌ಟೀಚರ್:

ನಾನು ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡುತ್ತೇನೆ. ಹಾಗಾಗಿ ಕಲಿಯುವವರ ಕಡೆಯಿಂದ ಎರಡು ಮಾತು.

'ನಿನ್ನ ಫೈಲ್ ಎಲ್ಲಿದೆ?' ಎಂದು ಕೇಳಿದರೆ ಎಷ್ಟೋ ಮಕ್ಕಳು ಆ್ಯಪ್‌ನ ಹೆಸರು ಹೇಳುತ್ತಾರೆ. ಫೋಲ್ಡರ್ ಒಳಗೆ ಫೋಲ್ಡರ್ ಎಂಬುದು ಅವರ ತಲೆಯಲ್ಲಿ ಇಲ್ಲವೇ ಇಲ್ಲ. ಫೋನ್ ಹಿಡಿದು ಬೆಳೆದ ಮಕ್ಕಳು, ಅವರ ತಪ್ಪಲ್ಲ. ಕಾಗದದ ಫೋಲ್ಡರನ್ನೂ ಅವರು ಅಷ್ಟಾಗಿ ಮುಟ್ಟಿಲ್ಲ. ಅಂದಮೇಲೆ ಈ ರೂಪಕ ಅವರಿಗೆ ಯಾವ ಸಹಾಯ ಮಾಡಬೇಕು ಹೇಳಿ? ಸೇವ್ ಬಟನ್ ಮೇಲಿನ ಫ್ಲಾಪಿ ಅವರಿಗೆ ಬರೀ ಒಂದು ಗುರುತು. ಆದರೂ ಪ್ರೋಗ್ರಾಂ ಬರೆಯಲು ಕಲಿಸುವಾಗ ಫೋಲ್ಡರ್ ಬೇಕೇ ಬೇಕು. ಕೋಡ್ ಒಂದು ಕಡೆ, ಅದು ಓದಬೇಕಾದ ಡೇಟಾ ಇನ್ನೊಂದು ಕಡೆ ಇದ್ದರೆ ಏನೂ ನಡೆಯುವುದಿಲ್ಲ. ಆ ಪಾಠಕ್ಕೆ ನನಗೆ ಜಾಸ್ತಿ ಸಮಯ ಹೋಗುತ್ತದೆ.

ಸರ್ಚ್ ಇದೆಯಲ್ಲ ಎನ್ನುತ್ತಾರೆ. ಸರ್ಚ್ ಒಳ್ಳೆಯದೇ. ಆದರೆ ಮರೆತೇಹೋದದ್ದನ್ನು ಯಾರೂ ಹುಡುಕುವುದಿಲ್ಲ. 1983ರಲ್ಲಿ ಥಾಮಸ್ ಮ್ಯಾಲೋನ್ ಎಂಬ ಸಂಶೋಧಕ ಜನರ ನಿಜವಾದ ಆಫೀಸ್ ಮೇಜುಗಳನ್ನು ನೋಡಿ ಒಂದು ಲೇಖನ ಬರೆದಿದ್ದರು. ಕೆಲವರು ಎಲ್ಲವನ್ನೂ ಫೈಲ್ ಮಾಡಿ ಇಡುತ್ತಾರೆ, ಕೆಲವರು ಮೇಜಿನ ಮೇಲೆ ರಾಶಿ ಹಾಕುತ್ತಾರೆ. ರಾಶಿ ಹಾಕುವವರು ಸೋಮಾರಿಗಳು ಎಂದು ನಾವು ಅಂದುಕೊಳ್ಳುತ್ತೇವೆ ಅಲ್ವಾ? ಮ್ಯಾಲೋನ್ ತೋರಿಸಿದ್ದು ಬೇರೆ. ಕಣ್ಣೆದುರು ಇರುವ ಕಾಗದ 'ನನ್ನನ್ನು ಮುಗಿಸು' ಎಂದು ನೆನಪಿಸುತ್ತಾ ಇರುತ್ತದೆ. ಯಾವ ಫೋಲ್ಡರ್‌ಗೆ ಹಾಕಬೇಕು ಎಂದು ತೀರ್ಮಾನಿಸುವುದೇ ಕಷ್ಟವಾದಾಗಲೂ ಜನ ರಾಶಿ ಹಾಕುತ್ತಾರೆ. ಡೆಸ್ಕ್‌ಟಾಪ್ ತುಂಬ ಐಕಾನ್ ಸುರಿದುಕೊಂಡಿರುವವರನ್ನು ನೋಡಿದಾಗಲೆಲ್ಲ ನನಗೆ ಈ ಲೇಖನ ನೆನಪಾಗುತ್ತದೆ. ಅದು ಅವರ ಬಾಕಿ ಕೆಲಸಗಳ ಪಟ್ಟಿ.

ಕಿಟಕಿಗೂಡು ಅವರೇ, ನಿಮ್ಮ ವಿನ್ಯಾಸದಲ್ಲಿ ಈ ನೆನಪಿಸುವ ಗುಣ ಉಳಿಯಬೇಕು. ಕೆಲಸ ಮುಚ್ಚಿದ ತಕ್ಷಣ ಎಲ್ಲ ಮಾಯವಾದರೆ, ಅದು ಮರೆತೂ ಹೋಗುತ್ತದೆ.

ಕಿಟಕಿಗೂಡು:

ಮೇಡಂ, ಇದನ್ನು ಬರೆದಿಟ್ಟುಕೊಂಡೆ. ಮುಚ್ಚಿದ ಕೆಲಸವೂ ಮೊದಲ ಪುಟದಲ್ಲಿ ಕಾಣುತ್ತಿರಬೇಕು, ಕೊನೆಗೆ ಯಾವಾಗ ಮುಟ್ಟಿದ್ದು ಎಂಬುದರ ಜೊತೆ. ಕಾಲದ ಕ್ರಮವನ್ನೇ ಆಧಾರ ಮಾಡಿಕೊಂಡವರೂ ಇದ್ದಾರೆ. 1990ರ ದಶಕದಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಗೆಲರ್ನ್‌ಟರ್ ಮತ್ತು ಎರಿಕ್ ಫ್ರೀಮನ್ ಮಾಡಿದ 'ಲೈಫ್‌ಸ್ಟ್ರೀಮ್ಸ್'ನಲ್ಲಿ ಫೋಲ್ಡರೇ ಇರಲಿಲ್ಲ. ಎಲ್ಲ ಡಾಕ್ಯುಮೆಂಟ್ ಕಾಲದ ಒಂದೇ ಸಾಲಿನಲ್ಲಿ. ಮುಂದೆ ಮಾಡಬೇಕಾದದ್ದು ಅದೇ ಸಾಲಿನ ಮುಂದಿನ ಭಾಗದಲ್ಲಿ. ಮಕ್ಕಳಿಗಾಗಿ ಬಂದ ಒಎಲ್‌ಪಿಸಿ ('ಮಗುವಿಗೊಂದು ಲ್ಯಾಪ್‌ಟಾಪ್') ಯೋಜನೆಯ ಲ್ಯಾಪ್‌ಟಾಪ್‌ನಲ್ಲಿದ್ದ 'ಶುಗರ್' ಎಂಬ ಸ್ಕ್ರೀನ್ ವ್ಯವಸ್ಥೆ ಕೂಡ ಫೋಲ್ಡರ್ ಬದಲು 'ಜರ್ನಲ್' ಕೊಟ್ಟಿತು. ಏನು ಮಾಡಿದೆ ಎಂಬುದರ ದಿನಚರಿ ಅದು.

ಕಿವಿಗಣ್ಣು:

ನನಗೆ ದೃಷ್ಟಿ ಇಲ್ಲ. ತೆರೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುತ್ತೇನೆ. ಈ ಚರ್ಚೆಯನ್ನು ಮೊದಲಿನಿಂದ ಕೇಳಿಸಿಕೊಂಡೆ. ಎಲ್ಲರೂ 'ಕಾಣುವುದು' ಎನ್ನುತ್ತಿದ್ದೀರಿ. ಹಾಗಾಗಿ ನನ್ನ ಡೆಸ್ಕ್‌ಟಾಪ್ ಹೇಗಿದೆ ಎಂದು ಹೇಳುತ್ತೇನೆ.

ನನಗೆ ಮೇಜು ಇಲ್ಲ. ಡೆಸ್ಕ್‌ಟಾಪ್ ಎಂದರೆ ಒಂದು ಪಟ್ಟಿ, ಬಾಣದ ಕೀಲಿ ಒತ್ತಿದಂತೆ ಒಂದೊಂದೇ ಹೆಸರು ಕೇಳುತ್ತದೆ. ಒಂದರ ಮೇಲೊಂದು ವಿಂಡೋ ಎಂಬುದಕ್ಕೂ ಅರ್ಥವಿಲ್ಲ. ಆಲ್ಟ್ ಮತ್ತು ಟ್ಯಾಬ್ ಒತ್ತಿದರೆ ಬರುವ ಇನ್ನೊಂದು ಪಟ್ಟಿ ಅದು. ಎಳೆದು ಹಾಕುವುದನ್ನು ನಾನು ಮಾಡುವುದೇ ಇಲ್ಲ. ಕಟ್ ಮಾಡುತ್ತೇನೆ, ಹೋಗಬೇಕಾದಲ್ಲಿ ಹೋಗಿ ಪೇಸ್ಟ್ ಮಾಡುತ್ತೇನೆ.

ವಿಂಡೋಸ್‌ಗೂ ಮೊದಲಿನ ಡಾಸ್ ಕಾಲದ ಸ್ಕ್ರೀನ್‌ನಲ್ಲಿ ಇದ್ದದ್ದು ಅಕ್ಷರ. ಅದನ್ನು ಓದಿಸುವುದು ಸುಲಭವಾಗಿತ್ತು. ಚಿತ್ರದ ಸ್ಕ್ರೀನ್ ಬಂದ ಮೇಲೆ ಅಕ್ಷರವೂ ಬರೀ ಚುಕ್ಕೆಗಳಾಯಿತು. ಸ್ಕ್ರೀನ್ ರೀಡರ್ ಮಾಡುವವರು ತೆರೆಯ ಮೇಲೆ ಏನೇನು ಬರೆಯಲಾಗುತ್ತಿದೆ ಎಂದು ಹಿಂಬಾಲಿಸಿ, ಅದರ ಒಂದು ನಕಲನ್ನು ಮೆಮೊರಿಯಲ್ಲಿ ಕಟ್ಟಿಕೊಂಡು ಓದಿಸಬೇಕಾಯಿತು. ಬಟನ್ ಎಂದರೆ ಬಟನ್ ಎಂದು ಪ್ರೋಗ್ರಾಂ ತಾನೇ ಹೇಳುವ ವ್ಯವಸ್ಥೆ ಆಮೇಲೆ ಬಂದದ್ದು. ಅಂದರೆ ಚಿತ್ರ ಮೊದಲು ಬಂತು, ಅರ್ಥವನ್ನು ಹಿಂದಿನಿಂದ ಅಂಟಿಸಿದರು. ಇವತ್ತಿಗೂ ಹೆಸರಿಲ್ಲದ ಐಕಾನ್ ಸಿಕ್ಕರೆ ನನಗೆ 'ಬಟನ್, ಬಟನ್, ಬಟನ್' ಎಂದಷ್ಟೇ ಕೇಳುತ್ತದೆ.

ಫೋಲ್ಡರ್ ಮರ ಮಾತ್ರ ನನಗೆ ತುಂಬಾ ಅನುಕೂಲ. ಯಾಕೆಂದರೆ ಅದು ಹೆಸರುಗಳಿಂದ ಆಗಿದೆ. ಒಳಗೆ ಹೋಗು, ಹೊರಗೆ ಬಾ, ಎಷ್ಟನೇ ಹಂತದಲ್ಲಿದ್ದೇನೆ ಎಂದು ಕೇಳು. ಎಲ್ಲವೂ ಖಚಿತ.

ಕಿಟಕಿಗೂಡು ಅವರ 'ಕೆಲಸ' ನನಗೆ ಹಿಡಿಸಿತು. ಹದಿನೈದು ವಿಂಡೋಗಳ ಪಟ್ಟಿಯಲ್ಲಿ ಒಂದನ್ನು ಹುಡುಕುವುದಕ್ಕಿಂತ, ಮೊದಲು ಕೆಲಸ, ಆಮೇಲೆ ಅದರೊಳಗಿನ ನಾಲ್ಕು ವಸ್ತು ಎನ್ನುವುದು ಎಷ್ಟೋ ಬೇಗ. ನನ್ನ ಕೋರಿಕೆ ಒಂದೇ. ಮೊದಲು ರಚನೆ ಮಾಡಿ. ಏನು ಯಾವುದರೊಳಗೆ ಇದೆ, ಅದರ ಹೆಸರೇನು, ಅದಕ್ಕೆ ಏನೇನು ಮಾಡಬಹುದು. ಅದು ಮಾತಿನಲ್ಲಿ ಪೂರ್ತಿ ನಿಂತ ಮೇಲೆ ಚಿತ್ರ ಬರೆಯಿರಿ.

ಕರಿಪರದೆ:

ಮೇಲಿನದು ಈ ಚರ್ಚೆಯ ಅತ್ಯಂತ ಒಳ್ಳೆಯ ಉತ್ತರ. ಕಣ್ಣಿರುವವರಿಗೂ ಇದೇ ಸರಿ.

ಮೇಜಿಗಿಂತ ಮೊದಲು ಬೇರೆ ದಾರಿ ಇತ್ತು ಎಂಬುದನ್ನೂ ಹೇಳಬೇಕು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ತಮ್ಮ ವ್ಯವಸ್ಥೆಯನ್ನು ತೋರಿಸಿದರು. ಮೌಸ್ ಜನರೆದುರು ಬಂದದ್ದು ಅವತ್ತು, ಅದು ಎಲ್ಲರಿಗೂ ನೆನಪಿದೆ. ಅವರು ತೋರಿಸಿದ ಪಠ್ಯ ಮಾತ್ರ ಮರೆತುಹೋಗಿದೆ. ಪ್ರತಿ ಸಾಲಿಗೂ ವಿಳಾಸ. ಒಂದೇ ಪಟ್ಟಿಯನ್ನು ಬೇಕಾದಂತೆ ಮಡಚಿ, ಬಿಚ್ಚಿ, ಬೇರೆ ಕ್ರಮದಲ್ಲಿ ನೋಡಬಹುದು. ಒಂದು ಕಡೆಯಿಂದ ಇನ್ನೊಂದಕ್ಕೆ ಕೊಂಡಿ. ಅಲ್ಲಿ ಮೇಜೂ ಇರಲಿಲ್ಲ, ಕಸದ ಬುಟ್ಟಿಯೂ ಇರಲಿಲ್ಲ. ಕಲಿಯಲು ಶ್ರಮ ಬೇಕಿತ್ತು, ಆದರೆ ಕಲಿತವರು ಬಹಳ ದೂರ ಹೋಗಬಹುದಿತ್ತು. ಆ ಬೆಲೆ ಕೊಡಲು ಮಾರುಕಟ್ಟೆ ಒಪ್ಪಲಿಲ್ಲ.

ವಿಂಡೋ ಒಂದರ ಮೇಲೊಂದು ಬರಬೇಕು ಎಂಬುದೂ ನಿಯಮವೇನಲ್ಲ. 1985ರ ವಿಂಡೋಸ್‌ನ ಮೊದಲ ಆವೃತ್ತಿಯಲ್ಲಿ ವಿಂಡೋಗಳು ಪಕ್ಕಪಕ್ಕದಲ್ಲಿ ಅಂಟಿಕೊಂಡು ಕೂರುತ್ತಿದ್ದವು. ಒಂದನ್ನೊಂದು ಮುಚ್ಚಲು ಶುರುವಾದದ್ದು 1987ರ ಎರಡನೇ ಆವೃತ್ತಿಯಲ್ಲಿ. ನಾನು ಇವತ್ತಿಗೂ ಪಕ್ಕಪಕ್ಕದ ವ್ಯವಸ್ಥೆಯನ್ನೇ ಬಳಸುತ್ತೇನೆ. ಯಾವುದೂ ಯಾವುದರ ಹಿಂದೆಯೂ ಅಡಗುವುದಿಲ್ಲ.

ಫೈಲ್ ಬಗ್ಗೆಯೂ ಒಂದು ಮಾತು. ಮ್ಯಾಕಿಂಟಾಷ್ ಯೋಜನೆ ಶುರು ಮಾಡಿದ ಜೆಫ್ ರಸ್ಕಿನ್ ಅಲ್ಲಿಂದ ಹೊರಬಂದ ಮೇಲೆ 1987ರಲ್ಲಿ ಕ್ಯಾನನ್ ಕ್ಯಾಟ್ ಎಂಬ ಯಂತ್ರ ಮಾಡಿದರು. ಅದರಲ್ಲಿ ಮೌಸ್ ಇಲ್ಲ, ಐಕಾನ್ ಇಲ್ಲ, ಫೈಲ್ ಹೆಸರೂ ಇಲ್ಲ. ಬರೆದದ್ದೆಲ್ಲ ಒಂದೇ ಉದ್ದನೆಯ ಪಠ್ಯ. 'ಲೀಪ್' ಎಂಬ ಕೀಲಿ ಹಿಡಿದು ಬೇಕಾದ ಪದದ ಅಕ್ಷರ ಒತ್ತಿದರೆ ಅಲ್ಲಿಗೇ ಹಾರುತ್ತಿತ್ತು.

ಹೊಸದಾರಿ:

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ? ಈಗ ಎಐ ಬಂದಿದೆ. 'ಹೋದ ತಿಂಗಳ ವರದಿ ತೆರೆ, ಜೊತೆಗಿದ್ದ ಮೇಲ್ ತೋರಿಸು' ಎಂದರೆ ತಂದುಕೊಡುತ್ತದೆ. ಮೇಜು, ಕೋಣೆ, ಫೋಲ್ಡರ್ ಯಾವುದೂ ಬೇಕಿಲ್ಲ. ಒಂದು ಖಾಲಿ ಸಾಲು ಸಾಕು.

ಕರಿಪರದೆ:

ಹೊಸದಾರಿ ಅವರೇ, ನಾನು ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್‌ನಲ್ಲೇ ದಿನ ಕಳೆಯುವವನು. ಖಾಲಿ ಸಾಲಿನ ಸುಖವೂ ಗೊತ್ತು, ಬೆಲೆಯೂ ಗೊತ್ತು. ಏನು ಕೇಳಬೇಕು ಎಂದು ಮೊದಲೇ ಗೊತ್ತಿದ್ದವರಿಗೆ ಮಾತ್ರ ಅದು ಉತ್ತರ ಕೊಡುತ್ತದೆ. ಟರ್ಮಿನಲ್‌ನಲ್ಲಿ ಇವತ್ತು ಕೊಟ್ಟ ಆಜ್ಞೆ ನಾಳೆಯೂ ಅದನ್ನೇ ಮಾಡುತ್ತದೆ. ಎಐ ಹತ್ತಿರ ಆ ಭರವಸೆಯೂ ಇಲ್ಲ.

ಕಿಟಕಿಗೂಡು:

ನಾನೂ ಒಂದು ಸೇರಿಸುತ್ತೇನೆ. 1983ರಲ್ಲಿ ಬೆನ್ ಶ್ನೈಡರ್ಮನ್ 'ನೇರವಾಗಿ ಕೈಯಾಡಿಸುವುದು' ಎಂಬ ವಿಚಾರ ವಿವರಿಸಿದರು. ವಸ್ತು ಸದಾ ಕಾಣುತ್ತಿರಬೇಕು. ಮಾಡಿದ್ದರ ಫಲ ತಕ್ಷಣ ಕಾಣಬೇಕು. ಹೆಜ್ಜೆಗಳು ಚಿಕ್ಕದಾಗಿರಬೇಕು, ಹಿಂದೆ ಬರುವಂತಿರಬೇಕು. ಡೆಸ್ಕ್‌ಟಾಪ್ ಗೆದ್ದದ್ದು ಇದರಿಂದ ಎಂದು ನಾನು ನಂಬುತ್ತೇನೆ. ಮೇಜಿನ ಚಿತ್ರ ಹೋದರೂ ಇವು ಹೋಗಬಾರದು. ಎಐ ನನ್ನ ಕೆಲಸಕ್ಕೆ ಬೇಕಾದ ಐದು ವಸ್ತು ಹುಡುಕಿ ತರಲಿ, ಬಹಳ ಸಂತೋಷ. ಆದರೆ ತಂದದ್ದನ್ನು ನನ್ನೆದುರು ಇಡಲಿ. ಒಂದನ್ನು ತೆಗೆದು ಇನ್ನೊಂದನ್ನು ಸೇರಿಸುವುದು ನನ್ನ ಕೈಯಲ್ಲಿರಲಿ.

ಹೊಸದಾರಿ:

ಹಾಗಾದರೆ ಸರಿ. ಹುಡುಕುವುದಕ್ಕೆ ಮಾತು, ಇಟ್ಟುಕೊಳ್ಳುವುದಕ್ಕೆ ಜಾಗ. ಅಷ್ಟಕ್ಕೆ ನನ್ನ ಒಪ್ಪಿಗೆ ಇದೆ.

ಹಳೇಫೈಲು:

ನನ್ನ ಪ್ರಶ್ನೆ ಇನ್ನೂ ಬಾಕಿ ಇದೆ. ಒಂದು ಫೈಲ್ ಎರಡು ಕೆಲಸಕ್ಕೆ ಬೇಕು. ಅದು ಎಲ್ಲಿರುತ್ತದೆ? ಅಳಿಸಿದರೆ ಏನಾಗುತ್ತದೆ?

ಕಿಟಕಿಗೂಡು:

ಒಂದು ವಸ್ತು ಒಂದೇ ಕಡೆ ಇರಬೇಕು ಎಂಬುದು ಕಾಗದದ ಮಿತಿ. ಅದನ್ನು ಮೀರಲು ಹಿಂದೆಯೂ ಪ್ರಯತ್ನ ಆಗಿದೆ. ಬಿಓಎಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಫೈಲ್‌ಗೆ ಗುಣಲಕ್ಷಣಗಳನ್ನು ಸೇರಿಸಿ ಡೇಟಾಬೇಸ್‌ನಂತೆ ಪ್ರಶ್ನೆ ಕೇಳಬಹುದಿತ್ತು. ಮೈಕ್ರೋಸಾಫ್ಟ್ 2003ರಲ್ಲಿ ತೋರಿಸಿದ ವಿನ್‌ಎಫ್‌ಎಸ್ ಎಂಬ ಫೈಲ್ ಇಡುವ ವ್ಯವಸ್ಥೆ ಇನ್ನೂ ದೊಡ್ಡ ಕನಸು, 2006ರಲ್ಲಿ ಕೈಬಿಟ್ಟರು. 2004ರಲ್ಲಿ ಬಂದ ಜಿಮೇಲ್ ಮಾತ್ರ ಸದ್ದಿಲ್ಲದೆ ಗೆದ್ದಿತು. ಫೋಲ್ಡರ್ ಬದಲು ಲೇಬಲ್. ಒಂದೇ ಮೇಲ್‌ಗೆ ಎರಡು ಲೇಬಲ್ ಇದ್ದರೂ ಯಾರಿಗೂ ಗೊಂದಲ ಆಗಲಿಲ್ಲ.

ಅಳಿಸುವುದು ಕಷ್ಟದ ಜಾಗ, ನಿಜ. ಹಳೆಯ ಮ್ಯಾಕ್‌ನಲ್ಲಿ ಫ್ಲಾಪಿಯನ್ನು ಹೊರತೆಗೆಯಲು ಅದರ ಐಕಾನನ್ನು ಕಸದ ಬುಟ್ಟಿಗೆ ಎಳೆಯುತ್ತಿದ್ದರು. ಒಳಗಿದ್ದದ್ದೆಲ್ಲ ಹೋಯಿತೇನೋ ಎಂದು ಹೆದರಿದವರು ಎಷ್ಟೋ ಜನ. ಒಂದೇ ಚಿತ್ರಕ್ಕೆ ಎರಡು ಅರ್ಥ ಕೊಟ್ಟರೆ ಹೀಗಾಗುತ್ತದೆ.

ಕಿವಿಗಣ್ಣು:

ಎರಡು ಬೇರೆ ಆಜ್ಞೆ ಕೊಡಿ. 'ಈ ಕೆಲಸದಿಂದ ತೆಗೆ' ಒಂದು. 'ಫೈಲನ್ನೇ ಅಳಿಸು' ಇನ್ನೊಂದು. ಎರಡನೆಯದನ್ನು ಒತ್ತಿದಾಗ ಅದು ಇನ್ನೂ ಯಾವ ಯಾವ ಕೆಲಸದಲ್ಲಿದೆ ಎಂದು ಹೆಸರು ಹಿಡಿದು ಹೇಳಲಿ. 'ಖಚಿತವೇ?' ಎಂದು ಸುಮ್ನೆ ಕೇಳುವುದರಿಂದ ಏನೂ ಉಪಯೋಗವಿಲ್ಲ.

ಲ್ಯಾಬ್‌ಟೀಚರ್:

ಇದು ಮಕ್ಕಳಿಗೂ ಅರ್ಥವಾಗುತ್ತದೆ. ಶಾರ್ಟ್‌ಕಟ್ ಅಳಿಸಿ ಪ್ರೋಗ್ರಾಂ ಹೋಯಿತು ಎಂದುಕೊಳ್ಳುವವರನ್ನು ಪ್ರತಿ ವರ್ಷ ನೋಡುತ್ತೇನೆ.

ಕಿಟಕಿಗೂಡು:

ಹಾಗೇ ಮಾಡುತ್ತೇನೆ. ಈಗ ಹಳೇಫೈಲು ಅವರ ಪ್ರಶ್ನೆಗೆ ಪೂರ್ತಿ ಉತ್ತರ. ಫೈಲ್ ನಿಮ್ಮ ಡಿಸ್ಕ್‌ನಲ್ಲಿ ಈಗ ಎಲ್ಲಿದೆಯೋ ಅಲ್ಲೇ ಇರುತ್ತದೆ. 'ಕೆಲಸ' ಎಂಬುದು ಒಂದು ಸಾದಾ ಪಠ್ಯದ ಫೈಲ್. ಅದರಲ್ಲಿ ಸಾಲು ಸಾಲಾಗಿ ವಸ್ತುಗಳ ದಾರಿ (ಯಾವ ಫೋಲ್ಡರ್‌ನಲ್ಲಿ, ಯಾವ ಹೆಸರಿನಲ್ಲಿ ಇವೆ ಎಂಬುದು), ವೆಬ್ ವಿಳಾಸ, ಕೊನೆಗೆ ಎಲ್ಲಿ ನಿಂತಿತ್ತು ಎಂಬ ವಿವರ. ನನ್ನ ಸಾಫ್ಟ್‌ವೇರ್ ನಾಳೆ ನಿಂತುಹೋದರೂ ಯಾವ ಎಡಿಟರ್‌ನಲ್ಲಾದರೂ ಅದನ್ನು ತೆರೆದು ಓದಬಹುದು.

ಕರಿಪರದೆ:

ಫೈಲನ್ನು ಬೇರೆ ಫೋಲ್ಡರ್‌ಗೆ ಸರಿಸಿದರೆ ದಾರಿ ಮುರಿಯುತ್ತದೆ. ದಾರಿಯ ಜೊತೆ, ಡಿಸ್ಕ್‌ನಲ್ಲಿ ಫೈಲ್‌ಗಳ ಲೆಕ್ಕ ಇಡುವ ಫೈಲ್ ಸಿಸ್ಟಂ ಆ ಫೈಲ್‌ಗೆ ಕೊಟ್ಟ ಸಂಖ್ಯೆಯನ್ನೂ ಬರೆದಿಡಿ. ಅದೇ ಡಿಸ್ಕ್‌ನೊಳಗೆ ಸರಿಸಿದರೆ ಆ ಸಂಖ್ಯೆ ಬದಲಾಗುವುದಿಲ್ಲ. ಆದರೆ ಅದನ್ನೊಂದೇ ನಂಬಬೇಡಿ. ಎಷ್ಟೋ ಎಡಿಟರ್‌ಗಳು ಸೇವ್ ಮಾಡುವಾಗ ಹೊಸ ಫೈಲ್ ಬರೆದು ಹಳೆಯ ಹೆಸರು ಇಡುತ್ತವೆ. ಆಗ ದಾರಿ ಉಳಿದು ಸಂಖ್ಯೆ ಬದಲಾಗುತ್ತದೆ. ಎರಡೂ ಇದ್ದರೆ ಒಂದು ತಪ್ಪಿದಾಗ ಇನ್ನೊಂದು ಸಿಗುತ್ತದೆ.

ಹಳೇಫೈಲು:

ಎರಡೂ ತಪ್ಪಿದರೆ?

ಕಿಟಕಿಗೂಡು:

ಆ ಸಾಲನ್ನು ತೆಗೆಯುವುದಿಲ್ಲ. ಹೆಸರು, ಕೊನೆಗೆ ಕಂಡ ಜಾಗ, ದಿನಾಂಕ ಹಾಗೇ ಉಳಿಯುತ್ತದೆ, 'ಸಿಗುತ್ತಿಲ್ಲ' ಎಂಬ ಗುರುತಿನ ಜೊತೆ. ಸ್ಕ್ರೀನ್ ರೀಡರ್‌ನಲ್ಲೂ ಅದೇ ಮಾತು ಕೇಳುತ್ತದೆ. ಅಲ್ಲಿಂದಲೇ ಹುಡುಕಿ ಮತ್ತೆ ಜೋಡಿಸಬಹುದು.

ಹಳೇಫೈಲು:

ಹಾಗಿದ್ದರೆ ನಾನು ಬಳಸಿ ನೋಡುತ್ತೇನೆ. ಮೊದಲ ಮಾದರಿ ಆದಾಗ ಆ ಪಠ್ಯದ ಫೈಲ್‌ನ ರಚನೆಯನ್ನು ಇಲ್ಲೇ ಹಾಕಿ. ಸಾಫ್ಟ್‌ವೇರ್ ಇಲ್ಲದೆಯೇ, ಕೈಯಲ್ಲೇ ಒಂದು 'ಕೆಲಸ' ಬರೆದು, ಅದು ತೆರೆಯುತ್ತದಾ ಎಂದು ಮೊದಲು ಪರೀಕ್ಷೆ ಮಾಡುತ್ತೇನೆ.